ಹಪ್ಪಳದ ಪಕ್ಕ ಒಂದು ರೀಲು

ಗಂಡನ ಮಾತನ್ನು ಕೊನೆತನಕ ಕೇಳಿಸಿಕೊಂಡ ಹೆಂಡತಿಯರು ಎಲ್ಲಾದರೂ ಇರಬಹುದು. ನಮ್ಮ ಆರ್.ಟಿ. ನಗರದ ಬೀದಿಯಲ್ಲಿ ನಾನು ಕಂಡಿಲ್ಲ. ನಾನಂತೂ ಅಲ್ಲವೇ ಅಲ್ಲ. ಅವರು ಅರ್ಧ ಹೇಳಿದರೆ ಉಳಿದರ್ಧ ನಾನೇ ಹೇಳಿ ಮುಗಿಸುತ್ತಿದ್ದೆ.

ನಮ್ಮ ಯಜಮಾನರು ಯಶವಂತಪುರದ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ಊರಿಗೆಲ್ಲ ಸಿನಿಮಾ ತೋರಿಸಿದವರು ತಾವೂ ಒಂದರಲ್ಲಿ ಕಾಣಿಸಿಕೊಂಡಿದ್ದರು. ಗೊರಗುಂಟೆಪಾಳ್ಯದಲ್ಲಿ ಶೂಟಿಂಗ್ ನಡೆದಾಗ ಕಂಡಕ್ಟರ್ ಪಾತ್ರದವನು ಬರಲಿಲ್ಲವಂತೆ; ನೋಡಲು ನಿಂತಿದ್ದ ಇವರ ಹೆಗಲಿಗೇ ಚರ್ಮದ ಬ್ಯಾಗು ತಗುಲಿಹಾಕಿದರಂತೆ. ಒಂದೇ ಒಂದು ಮಾತಿನ ಪಾತ್ರ. ಸಿನಿಮಾ ಇವರ ಟಾಕೀಸಿನಲ್ಲಿ ಎರಡೇ ದಿನ ಓಡಿತು, ನಾನು ನೋಡಲಿಲ್ಲ. ನಿರ್ಮಾಪಕ ರೀಲಿನ ಡಬ್ಬ ವಾಪಸ್ ಕೇಳಲೇ ಇಲ್ಲ, ಇವರಿದ್ದ ರೀಲು ನಮ್ಮ ಅಟ್ಟ ಸೇರಿತು. "ಅವತ್ತು ನಾನು ಏನಂದೆ ಗೊತ್ತೇನೇ..." ಎಂದು ಅವರು ಶುರು ಮಾಡಿದರೆ, "ಹೂಂ, ಗೊತ್ತು ಬಿಡಿ, ಸೊಪ್ಪು ತನ್ನಿ" ಅನ್ನುತ್ತಿದ್ದೆ.

ಅವರಿಲ್ಲದ ಮೊದಲ ಬೇಸಿಗೆಯಲ್ಲಿ ಅಟ್ಟದಿಂದ ಹುಳಿ ವಾಸನೆ ಬಂತು. ಉಪ್ಪಿನಕಾಯಿ ಕೆಟ್ಟಿತೆಂದು ಹತ್ತಿ ನೋಡಿದರೆ ಈ ಡಬ್ಬ. ನಮ್ಮ ಮನೆಯಲ್ಲಿ ಯಾವುದಕ್ಕೆ ವಾಸನೆ ಬಂದರೂ ಮದ್ದು ಒಂದೇ, ಬಿಸಿಲು. ತಾರಸಿಯ ಮೇಲೆ ಅವರದೇ ಹಳೇ ಪಂಚೆ ಹಾಸಿ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ರೀಲು ಬಿಚ್ಚಿ ಹರವಿದೆ. ಮೂರು ದಿನ. ಕಾಗೆ ಮುಟ್ಟದಂತೆ ಕಾದೆ ಬೇರೆ.

ಮುಂದಿನ ತಿಂಗಳು ಹಳೆಯ ಸಿನಿಮಾಗಳನ್ನು ಕಾಪಾಡುವ ಕೇಂದ್ರ ಸರ್ಕಾರದ ಸಂಸ್ಥೆಯಿಂದ ಒಬ್ಬ ಹುಡುಗಿ ಬಂದಳು. ರೀಲು ಉಳಿಸಿಕೊಡಿ ಎಂದು ಯಜಮಾನರು ಇದ್ದಾಗಲೇ ಅರ್ಜಿ ಹಾಕಿದ್ದರಂತೆ. ನನಗೂ ಹೇಳಿದ್ದರೋ ಏನೋ, ನಾನು ಕೇಳಿಸಿಕೊಂಡಿರಬೇಕಲ್ಲ.

ಡಬ್ಬ ತೆರೆದವಳು ತಲೆ ಮೇಲೆ ಕೈಯಿಟ್ಟಳು. "ಆಂಟಿ, ಇದನ್ನ ತಣ್ಣಗಿರೋ ರೂಮಲ್ಲಿ ಇಡ್ಬೇಕು. ನೀವು ಬಿಸಿಲಿಗೆ ಹಾಕಿದ್ರಾ?"

"ಹಪ್ಪಳ ಚೆನ್ನಾಗೇ ಒಣಗಿತಮ್ಮ" ಅಂದೆ.

"ಕ್ಲೀನ್ ಮಾಡಿ ನೋಡ್ತೀವಿ. ಚಿತ್ರ ಸಿಗಬಹುದು. ಸೌಂಡ್ ಇರೋದು ಫಿಲ್ಮಿನ ಅಂಚಲ್ಲಿ, ಆ ಅಂಚೇ ಸುಕ್ಕಾಗಿದೆ."

ಮಳೆಗಾಲ ಮುಗಿದ ಮೇಲೆ ಲ್ಯಾಪ್‌ಟಾಪ್ ಹಿಡಿದು ಮತ್ತೆ ಬಂದಳು. ಕಂಡಕ್ಟರ್ ಬ್ಯಾಗು, ಕೆದರಿದ ಕ್ರಾಪು, ನನ್ನನ್ನು ನೋಡಲು ಬಂದಾಗಿನ ಅದೇ ಸಣಕಲು ಮುಖ. ಬಸ್ಸಿನ ಬಾಗಿಲಲ್ಲಿ ನಿಂತು ಏನೋ ಅಂದರು. ತುಟಿ ಆಡಿತು. ಸದ್ದಿಲ್ಲ.

"ಅಂಕಲ್ ಏನ್ ಹೇಳ್ತಿದಾರೆ ಆಂಟಿ? ಫಾರಂನಲ್ಲಿ ಬರ್ಕೋಬೇಕು."

ಗೊತ್ತಿಲ್ಲ. ಗೊತ್ತು ಬಿಡಿ ಎಂದು ಅಷ್ಟು ವರ್ಷ ಅಂದವಳಿಗೆ ಗೊತ್ತಿಲ್ಲ. "ಇನ್ನೊಂದ್ಸಲ ಹಾಕಮ್ಮ" ಅಂದೆ. ಅವಳು ಸಮಾಧಾನಕ್ಕೆಂದು ಏನೋ ಹೇಳಲು ಬಾಯಿ ತೆರೆದಳು.

"ಸ್ವಲ್ಪ ಸುಮ್ನಿರು" ಅಂದೆ, "ಅವರು ಮಾತಾಡ್ತಿದಾರೆ."