ಗ್ಯಾರೇಜಿನಲ್ಲಿ ವಿಜ್ಞಾನ, ಬಿಸಿಲಲ್ಲಿ ಕಾರು

ಒಂದು ಚಕ್ಕುಲಿ ಒರಳು, ಒಂದು ಬಿಳಿ ಕಾರು, ಆರೇಳು ಮಕ್ಕಳು, ಪರದೆ ಎಳೆದುಕೊಂಡು ಮನೆಯೊಳಗೆ ಕೂತ ನನ್ನ ಹೆಂಡತಿ. ಸಾಮಗ್ರಿಯನ್ನೆಲ್ಲ ಮುಂದಿಟ್ಟಿದ್ದೇನೆ, ಏನಾಗಿರಬಹುದು ಹೇಳಿ ನೋಡೋಣ. ಕಾರಿನ ಮೇಲೆ ಚಕ್ಕುಲಿ ಕರಿದರು ಅಂದುಕೊಂಡರೆ ತಪ್ಪು. ಆಗಸ್ಟ್ ತಿಂಗಳ ಡಲ್ಲಾಸ್ ಬಿಸಿಲಿಗೆ ಅದೇನೂ ಆಗದ ಮಾತಲ್ಲ, ಆದರೂ ತಪ್ಪು. ಯೋಚನೆ ಮಾಡ್ತಾ ಇರಿ, ಅಲ್ಲಿಗೇ ಬರುತ್ತೇನೆ. ಮಕ್ಕಳ ಕೈಗೆ ವಿಜ್ಞಾನ ಕೊಟ್ಟ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ, ಒಂದು ಮುಗಿಯುವ ಮೊದಲೇ ಇನ್ನೊಂದು.

ನಾನು ಎಂಜಿನಿಯರ್ ಕೆಲಸದಿಂದ ರಿಟೈರ್ ಆದವನು, ಡಲ್ಲಾಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿ ಮನೆ. ಸುಮ್ಮನೆ ಕೂರುವ ಜಾಯಮಾನವಲ್ಲ. ಸುತ್ತಮುತ್ತಲ ಕನ್ನಡದವರ ಮಕ್ಕಳಿಗೆ ಶನಿವಾರ ನಮ್ಮ ಗ್ಯಾರೇಜಿನಲ್ಲಿ ವಿಜ್ಞಾನದ ಕ್ಲಾಸ್ ಶುರು ಮಾಡಿದೆ. ಪುಸ್ತಕ ತೆರೆಯುವ ಹಾಗಿಲ್ಲ, ಎಲ್ಲವನ್ನೂ ಕೈಯಾರೆ ಮಾಡಿ ನೋಡಬೇಕು. ಮಕ್ಕಳಿಗೆ ಬಲು ಖುಷಿ. ತೊಂದರೆ ಇದ್ದದ್ದು ಒಂದೇ: ಗ್ಯಾರೇಜಿನಲ್ಲಿ ಕ್ಲಾಸ್ ಇದ್ದರೆ ಹೆಂಡತಿಯ ಹೊಸ ಬಿಳಿ ಕಾರು ಬಿಸಿಲಲ್ಲಿ ನಿಲ್ಲಬೇಕು. ಬಿಸಿಲಾದರೂ ಹೋಗಲಿ, ಇಲ್ಲಿ ಆಲಿಕಲ್ಲು ಬಿದ್ದರೆ ಕಾರಿನ ಮೈಗೆ ಸಿಡುಬು ಎದ್ದ ಹಾಗೆ ಆಗುತ್ತದೆ.

"ರೀ, ಗ್ಯಾರೇಜ್ ಇರೋದು ಕಾರಿಗೆ" ಅಂತ ಅವಳು.

"ಮಕ್ಕಳ ಭವಿಷ್ಯ ಕಣೇ" ಅಂತ ನಾನು.

"ಮಕ್ಕಳ ಭವಿಷ್ಯಕ್ಕೆ ಇನ್ಶೂರೆನ್ಸ್ ಕಟ್ಟಿರೋದು ನಾನಲ್ಲ, ಕಾರಿಗೆ ಕಟ್ಟಿರೋದು ನಾನು" ಅಂತ ಅವಳು. ಮೊದಲ ದಿನದಿಂದಲೂ ಕ್ಲಾಸಿನ ಆಯುಷ್ಯ ಇದ್ದದ್ದು ಅವಳ ಕೈಯಲ್ಲಿ.

೧. ಹೆಪ್ಪು

ಹಾಲು ಮೊಸರಾಗಲು ಎಷ್ಟು ಶಾಖ ಬೇಕು ಅನ್ನುವುದು ಪ್ರಯೋಗ. ಒಬ್ಬೊಬ್ಬರ ಮೂರು ಮೂರು ಡಬ್ಬಿಗೂ ಹಾಲು ಹಾಕಿ, ಹೆಪ್ಪು ಬಿಟ್ಟು, "ಮನೆಯಲ್ಲಿ ಬೇರೆ ಬೇರೆ ಶಾಖ ಇರೋ ಜಾಗದಲ್ಲಿ ಇಡಿ, ಏನಾಗುತ್ತೆ ನೋಡಿ" ಅಂದೆ. ಒಂಬತ್ತು ವರ್ಷದ ಒಬ್ಬಳು ಹುಡುಗಿ ಬಹಳ ಚುರುಕು. ಒಂದು ಡಬ್ಬಿ ಫ್ರಿಜ್ಜಿನಲ್ಲಿಟ್ಟಳು, ಒಂದು ಒಲೆಯ ಪಕ್ಕ ಇಟ್ಟಳು. ಮನೆಯಲ್ಲೇ ಅತಿ ಬಿಸಿ ಜಾಗ ಯಾವುದು ಅಂತ ಯೋಚಿಸಿ ಮೂರನೆಯದನ್ನು ಅಪ್ಪನ ಕಾರಿನ ಡಿಕ್ಕಿಯಲ್ಲಿಟ್ಟಳು.

ಅಪ್ಪ ಸಾಫ್ಟ್‌ವೇರ್‌ನವನು. ಮಾರನೇ ಬೆಳಿಗ್ಗೆ ಆಫೀಸಿನ ಕೆಲಸ ಅಂತ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದ. ಅಲ್ಲೇ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಸ್ನೇಹಿತನ ಮನೆಯ ಮುಂದೆ ಕಾರು ನಿಲ್ಲಿಸಿದ, ಸ್ನೇಹಿತನ ಕಾರಿನಲ್ಲೇ ಓಡಾಡಿಕೊಂಡಿದ್ದ. ವಾಪಸ್ ಹೊರಡುವ ದಿನ ಡಿಕ್ಕಿ ತೆಗೆದರೆ ಡಬ್ಬಿಯ ಮುಚ್ಚಳ ಒಂದು ಕಡೆ, ಒಳಗಿದ್ದದ್ದು ಎಲ್ಲ ಕಡೆ. ಸ್ನೇಹಿತ ಮನೆಯೊಳಗೆ ಹೋಗಿ ಕಿಟಕಿಯಿಂದ ಬೈ ಹೇಳಿದನಂತೆ. ಇವನು ಮೂಗಿಗೆ ಟವೆಲ್ ಕಟ್ಟಿಕೊಂಡು, ಡಿಕ್ಕಿ ಉಜ್ಜುತ್ತಲೇ ಮಗಳಿಗೆ ಫೋನ್ ಮಾಡಿದ.

"ಏನೇ ಇದು, ನನ್ನ ಕಾರಲ್ಲಿ?"

ಅತ್ತ ಕಡೆಯಿಂದ ಮಗಳು ಗಾಬರಿಯಾಗಿ ಕೇಳಿದಳು: "ಅಪ್ಪಾ, ವೆಯ್ಟ್. ಕ್ಲೀನ್ ಮಾಡೋಕೆ ಮುಂಚೆ ಟೆಂಪರೇಚರ್ ನೋಡಿದ್ರಾ?"

ಅವನು ಆಮೇಲೆ ಫೋನ್ ಮಾಡಿದ್ದು ನನಗಲ್ಲ, ನನ್ನ ಹೆಂಡತಿಗೆ. "ಆಂಟೀ, ಅಂಕಲ್‌ಗೆ ಸ್ವಲ್ಪ ಹೇಳಿ." ಅವಳು ನನಗೆ ಸ್ವಲ್ಪ ಹೇಳಲಿಲ್ಲ, ಬಹಳ ಹೇಳಿದಳು.

೨. ನಾಡಿ

ಸ್ವಲ್ಪ ದಿನ ನಮ್ಮ ಗ್ಯಾರೇಜಿಗೆ ವಿಶ್ರಾಂತಿ ಇರಲಿ ಅಂತ ಹ್ಯೂಸ್ಟನ್ ಕಡೆ ಹೋದೆ. ಶುಗರ್ ಲ್ಯಾಂಡಿನಲ್ಲಿ ಪರಿಚಯದ ಹೃದ್ರೋಗದ ಡಾಕ್ಟರರೊಬ್ಬರು, ತಮ್ಮ ಮಗನಿಗೂ ಅವನ ಸ್ನೇಹಿತರಿಗೂ ಒಂದು ಕ್ಲಾಸ್ ಮಾಡಿ ಅಂತ ಕರೆದಿದ್ದರು. "ಹೋಗಿ ಬನ್ನಿ, ಅವರ ಮನೆ ದೊಡ್ಡದು, ತಡೆದುಕೊಳ್ಳುತ್ತೆ" ಅಂತ ನನ್ನವಳು ಸಂತೋಷವಾಗಿ ಕಳಿಸಿಕೊಟ್ಟಳು.

ಡಾಕ್ಟರರ ಮನೆ ಅಂತ ನಾಡಿ ಎಣಿಸುವ ಪ್ರಯೋಗ ಇಟ್ಟೆ. ಸುಮ್ಮನೆ ಕೂತಾಗ ಎಷ್ಟು, ಮೆಟ್ಟಿಲು ಹತ್ತಿಳಿದ ಮೇಲೆ ಎಷ್ಟು. ಆಮೇಲೆ, "ಎದೆ ಬಡಿತ ಇನ್ನೇನೇನಕ್ಕೆ ಏರುತ್ತೆ? ನೀವೇ ಒಂದು ಪ್ರಯೋಗ ಯೋಚಿಸಿ" ಅಂತ ಬಿಟ್ಟೆ. ಮಾರನೇ ದಿನ ಮಧ್ಯಾಹ್ನ ಡಾಕ್ಟರರ ಮಗ ಮಹಡಿಗೆ ಹೋಗಿ ಏನೋ ಮಡಚಿಕೊಂಡು ಬಂದ. ಸೋಫಾದಲ್ಲಿ ಕೂತಿದ್ದ ಅಪ್ಪನ ಮಣಿಕಟ್ಟು ಹಿಡಿದು ಎಣಿಸಿದ. ಶಾಂತವಾಗಿತ್ತು. ಕೈ ಬಿಡದೆಯೇ ಇನ್ನೊಂದು ಕೈಯಲ್ಲಿ ತನ್ನ ಗಣಿತದ ಟೆಸ್ಟ್ ಪೇಪರ್ ಬಿಡಿಸಿ ಅಪ್ಪನ ಮುಖದ ಮುಂದೆ ಹಿಡಿದ.

"ವಾವ್, ಮೆಟ್ಟಿಲಿಗಿಂತ ಜಾಸ್ತಿ" ಅಂದ, ಎಣಿಸುತ್ತಲೇ.

ಡಾಕ್ಟರರು ಸಿಟ್ಟನ್ನು ನುಂಗಿಕೊಂಡು, ವಿಜ್ಞಾನದ ಮರ್ಯಾದೆ ಕಾಪಾಡಲು ನೋಡಿದರು. "ಇದು ಸರಿಯಾದ ಪ್ರಯೋಗವೇ ಅಲ್ಲ ಕಣೋ. ಹೋಲಿಸಿ ನೋಡೋಕೆ ಕಂಟ್ರೋಲ್ ಅಂತ ಒಂದು ಬೇಕು."

"ಮಾಡಿದೀನಿ ಅಪ್ಪಾ. ಬ್ರೇಕ್‌ಫಾಸ್ಟ್ ಟೈಮಲ್ಲಿ ಅಕ್ಕನ ಪೇಪರ್ ತೋರಿಸಿ ನಿಮ್ಮ ಕೈ ಹಿಡ್ಕೊಂಡಿದ್ನಲ್ಲ? ಏನೂ ಆಗ್ಲಿಲ್ಲ."

ಬೆಳಿಗ್ಗೆ ಮಗ ಪ್ರೀತಿಯಿಂದ ಕೈ ಹಿಡಿದ ಅಂತ ಅವರು ನನ್ನ ಮುಂದೆ ಆಗಲೇ ಹೇಳಿಕೊಂಡು ಹಿಗ್ಗಿದ್ದರು ಪಾಪ.

೩. ಅರಿಶಿನ

ವಾಪಸ್ ಬಂದು ಫ್ಲವರ್ ಮೌಂಡಿನಲ್ಲಿ ಮತ್ತೆ ಶುರು ಮಾಡಿದೆ. ಅರಿಶಿನದ ನೀರಿಗೆ ಸೋಪಿನ ನೀರು ಬಿದ್ದರೆ ಕೆಂಪಗಾಗುತ್ತದಲ್ಲ, ಅದನ್ನು ತೋರಿಸೋಣ ಅಂತ. ನಿರಪಾಯದ ಪ್ರಯೋಗ. ಬೆಂಕಿಯಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲ. ಫಿಲ್ಟರ್ ಕಾಗದದ ಮೇಲೆ ಮಾಡಿ ಅಂದೆ. ಕಾಗದ ಮುಗಿಯಿತು. ತರಲು ಒಳಗೆ ಹೋದೆ, ಅಡುಗೆಮನೆಯಲ್ಲಿ ಒಂದು ಕೋಡುಬಳೆ ಕಂಡಿತು, ಸ್ವಲ್ಪ ತಡವಾಯಿತು.

ಬಂದು ನೋಡಿದರೆ ಮಕ್ಕಳು ದೊಡ್ಡ ಬಿಳಿ ಕಾಗದ ಹುಡುಕಿಕೊಂಡಿದ್ದರು. ನಾಲ್ಕು ಚಕ್ರವಿತ್ತು ಅದಕ್ಕೆ. ಬಾನೆಟ್ಟು, ಬಾಗಿಲು ಎಲ್ಲದರ ಮೇಲೂ ಅರಿಶಿನದ ಕೈಗಳನ್ನು ಒತ್ತಿ, ಮೇಲೆ ಸೋಪಿನ ನೀರು ಚಿಮುಕಿಸಿದ್ದರು. ಇಡೀ ಕಾರಿನ ಮೇಲೆ ರಕ್ತಗೆಂಪು ಬೆರಳುಗಳು, ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಷ್ಟು ಹೊತ್ತಿಗೆ ಪಕ್ಕದ ಮನೆಯ ಅಮೆರಿಕದ ಮುದುಕ ನಾಯಿ ಹಿಡಿದುಕೊಂಡು ಬಂದವನು ನಿಂತ. ಕಾರು ನೋಡಿದ, ಮಕ್ಕಳ ಕೈ ನೋಡಿದ, ಕೊನೆಗೆ ನನ್ನನ್ನು ನೋಡಿದ. ನನ್ನ ಬಾಯಿ ತುಂಬ ಕೋಡುಬಳೆ.

ಮೊಸರಿನ ಹುಡುಗಿ ಮುಂದೆ ಬಂದು ಸಮಾಧಾನ ಹೇಳಿದಳು: "ಇಟ್ಸ್ ಓಕೆ ಸರ್, ಇಟ್ಸ್ ಜಸ್ಟ್ ಆಂಟೀಸ್." ಆಂಟಿಯದು ಅಂದಳು, ಕಾರು ಅನ್ನುವ ಮಾತು ಬಿಟ್ಟುಬಿಟ್ಟಿದ್ದಳು. ಮುದುಕ ನಾಯಿಯನ್ನು ಎತ್ತಿಕೊಂಡೇ ಮನೆಗೆ ಓಡಿದ. ಪೊಲೀಸರು ಬಂದಾಗ ನನ್ನ ಹೆಂಡತಿಯೇ ಬಾಗಿಲಿಗೆ ಬಂದು ತಾನು ಬದುಕಿದ್ದೇನೆ ಅಂತ ತೋರಿಸಬೇಕಾಯಿತು.

ಅವರು ಹೋದ ಮೇಲೆ ಅವಳು ಕೂಗಾಡಲಿಲ್ಲ. ಅದೇ ಭಯ. "ಇನ್ನೊಂದೇ ಒಂದು ಸಲ ಏನಾದರೂ ಆಗಲಿ, ಕಾರು ಒಳಗೆ, ವಿಜ್ಞಾನ ಹೊರಗೆ" ಅಂದಳು. ಕಾರು ತೊಳೆದದ್ದು ನಾನು. ಹಳದಿ ಛಾಯೆ ಬಹಳ ದಿನ ಉಳಿದಿತ್ತು, ಮದುವೆಗೆ ಸಿದ್ಧವಾದ ಕಾರಿನ ಹಾಗೆ.

೪. ಗ್ರಹಣ

ಈಗ ಚಕ್ಕುಲಿ ಒರಳಿಗೆ ಬರೋಣ.

ಸೂರ್ಯಗ್ರಹಣ ಬಂತು. ಡಲ್ಲಾಸಿನಲ್ಲಿ ಪೂರ್ತಿ ಅಲ್ಲ, ಮುಕ್ಕಾಲು ಭಾಗ. ಮಕ್ಕಳನ್ನು ಬಿಡುವುದುಂಟೇ? ಆದರೆ ನನ್ನ ಹೆಂಡತಿಗೆ ಗ್ರಹಣವೆಂದರೆ ಗ್ರಹಣ. ಬಹಳ ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವಳು, ಸೂಕ್ಷ್ಮದರ್ಶಕದ ಮುಂದೆಯೇ ತಲೆಗೂದಲು ನರೆಸಿಕೊಂಡವಳು, ಆದರೂ ಅವತ್ತು ಉಪ್ಪಿನಕಾಯಿ ಜಾಡಿಗೆ ದರ್ಭೆ, ಫ್ರಿಜ್ಜಿನೊಳಗಿನ ಹಾಲಿಗೂ ದರ್ಭೆ. ಬೇಗ ಊಟ ಮುಗಿಸಿ, ಪರದೆಗಳನ್ನೆಲ್ಲ ಎಳೆದು, ಮುಂದಿನ ಕೋಣೆಯ ಕತ್ತಲಲ್ಲಿ ಜಪಕ್ಕೆ ಕೂತಳು. "ನೀವು ಹೊರಗೆ ಏನಾದರೂ ಮಾಡಿಕೊಳ್ಳಿ, ಒಳಗೆ ಗ್ರಹಣ ಬರಕೂಡದು" ಅಂದಳು. ನನಗೆ ಉಳಿದ ಕೊನೆಯ ಅವಕಾಶ ಅದು ಅಂತ ಇಬ್ಬರಿಗೂ ಗೊತ್ತಿತ್ತು.

ಸೂರ್ಯನನ್ನು ನೇರ ನೋಡಬೇಡಿ, ಸಣ್ಣ ತೂತಿನಿಂದ ಬಿದ್ದ ಬಿಂಬ ನೋಡಿ ಅಂತ ಮಕ್ಕಳಿಗೆ ಹೇಳಿದ್ದೆ. ಒಂದು ತೂತಿಗೆ ಅಷ್ಟು ಜನ ಜಗಳವಾಡಿದರು. ಬಹಳ ತೂತು ಇರುವುದು ಏನಿದೆ? ಗಣೇಶನ ಹಬ್ಬಕ್ಕೆ ಅಂತ ತೊಳೆದಿಟ್ಟ ಚಕ್ಕುಲಿ ಒರಳು ನೆನಪಾಯಿತು. ಮೆಲ್ಲಗೆ ಹಿಂಬಾಗಿಲಿಂದ ಹೋಗಿ ತಂದೆ. ಅದಕ್ಕೆ ಖಾರಾಸೇವೆಯ ಬಿಲ್ಲೆ ಹಾಕಿ ಎತ್ತಿ ಹಿಡಿದರೆ, ಬಿಳಿ ಕಾರಿನ ಬಾನೆಟ್ಟಿನ ಮೇಲೆ ಪುಟ್ಟ ಪುಟ್ಟ ಕಚ್ಚಿದ ಸೂರ್ಯರು, ಬಾಣಲೆಯಲ್ಲಿ ಒಂದು ಘಾಣ ಹಾಕಿದ ಹಾಗೆ. ಮಕ್ಕಳು "ಚಕ್ಕುಲಿ ಸನ್, ಚಕ್ಕುಲಿ ಸನ್" ಅಂತ ಕೂಗುತ್ತಾ ಕುಣಿದಾಡಿದರು.

ಜೇಬಿನಲ್ಲಿ ಫೋನ್ ರಿಂಗಾಯಿತು. ಒಳಗಿನಿಂದ ಹೆಂಡತಿ.

"ರೀ, ಏನದು ಗಲಾಟೆ? ಎಲ್ಲಿ ನನ್ನ ಚಕ್ಕುಲಿ ಒರಳು?"

"ಇಲ್ಲೇ ಇದೆ ಕಣೇ."

"ಇಲ್ಲೇ ಅಂದ್ರೆ?"

"ಸ್ವಲ್ಪ ಬಿಸಿಲಲ್ಲಿದೆ."

ಅವಳು ಫೋನ್ ಇಟ್ಟಳು. ಹೊರಗೆ ಬಂದು ಬೈಯೋಣವೆಂದರೆ ಗ್ರಹಣ ಬಿಟ್ಟಿಲ್ಲ. ನನಗಿದ್ದ ಬಲ ಅದೊಂದೇ.

ಅಷ್ಟರಲ್ಲಿ ಮೊಸರಿನ ಹುಡುಗಿಗೆ ಆಂಟಿಯ ಮೇಲೆ ಕನಿಕರ ಹುಟ್ಟಿತು. ಪಾಪ, ಅವರೊಬ್ಬರೇ ನೋಡಿಲ್ಲ. ಹಿಂದಿನ ವಾರ ನಾನೇ ಹೇಳಿಕೊಟ್ಟಿದ್ದೆ: ಪುಟ್ಟ ಕನ್ನಡಿಗೆ ಕಾಗದ ಸುತ್ತಿ, ಕಾಗದದಲ್ಲಿ ಬೆರಳುಗುರಿನಷ್ಟು ತೂತು ಬಿಟ್ಟು ಬಿಸಿಲಿಗೆ ಹಿಡಿದರೆ, ದೂರದ ಗೋಡೆಯ ಮೇಲೂ ಸೂರ್ಯನ ಬಿಂಬ ಬೀಳುತ್ತದೆ, ಗೋಡೆ ಇರುವ ಕೋಣೆ ಕತ್ತಲಾಗಿರಬೇಕು, ಅಷ್ಟೆ. ನಮ್ಮ ಮನೆಯಲ್ಲಿ ಅದಕ್ಕಿಂತ ಕತ್ತಲ ಕೋಣೆ ಆವತ್ತು ಯಾವುದಿತ್ತು? ನಾನು ನೋಡುವ ಹೊತ್ತಿಗೆ ಅವಳು ಪರದೆಯ ಸಂದಿಗೆ ಗುರಿಯಿಟ್ಟು ಆಗಿತ್ತು.

ಒಳಗಿನಿಂದ ಒಂದು ಕೂಗು: "ಅಯ್ಯೋ, ಒಳಗೇ ಬಂತಲ್ರೀ."

ನಾನು ಓಡಿದೆ. ಕತ್ತಲ ಕೋಣೆ, ಕೈಯಲ್ಲಿ ಜಪಮಣಿ, ಎದುರು ಗೋಡೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಅರೆಕಚ್ಚಿದ ಸೂರ್ಯ, ಥರಥರ ನಡುಗುತ್ತಿದ್ದ. ಮುಗಿಯಿತು, ಇನ್ನು ಮೇಜು ಕುರ್ಚಿ ಎತ್ತಿಡುವುದೇ, ಅಂದುಕೊಂಡು ನಿಂತೆ. ಅವಳು ನೋಡಿದಳು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ ಗದರಿದಳು.

"ಯಾರದು ಹಿಡಿದಿರೋದು? ಕೈ ಅಲ್ಲಾಡ್ತಿದೆ. ಹಾಗೆ ಹಿಡಿದರೆ ರೀಡಿಂಗ್ ಸಿಗುತ್ತಾ? ಸ್ಟೂಲ್ ಮೇಲೆ ಇಟ್ಟುಕೋ."

ಸೂರ್ಯ ನೆಟ್ಟಗೆ ನಿಂತ. "ರೀ, ಸುಮ್ಮನೆ ಯಾಕೆ ನಿಂತಿದ್ದೀರಿ, ಪೆನ್ಸಿಲ್ ಕೊಡಿ."

ಆ ಗೋಡೆಗೆ ಬಣ್ಣ ಹೊಡೆಸಿ ತಿಂಗಳಾಗಿರಲಿಲ್ಲ. ಬಣ್ಣ ಆರಿಸಿದ್ದು ಅವಳೇ. ಅದರ ಮೇಲೆ ಅವಳೇ ಬಿಂಬದ ಅಂಚು ಗೀರಿದಳು, ಪಕ್ಕದಲ್ಲಿ ಸಮಯ ಬರೆದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಮತ್ತೊಂದು. ಜಪಮಣಿ ಸೋಫಾ ಮೇಲಿತ್ತು. ಗೋಡೆಯುದ್ದಕ್ಕೂ ಸೂರ್ಯ ಸಣ್ಣಗಾಗಿ ಮತ್ತೆ ದಪ್ಪಗಾಗುತ್ತಾ ನಡೆದ.

ಗ್ರಹಣ ಬಿಟ್ಟ ಮೇಲೆ ಹೊರಗೆ ಬಂದು, ತೋಟದ ಪೈಪು ಹಿಡಿದು ಮೊದಲು ಚಕ್ಕುಲಿ ಒರಳಿಗೆ ಸ್ನಾನ ಮಾಡಿಸಿದಳು. ಆಮೇಲೆ ಅದೇ ಪೈಪಿನಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ತಲೆಗೆ ನೀರು ಬಿಟ್ಟಳು, ಕೊನೆಗೆ ನನಗೂ. ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು ತೊಟ್ಟಿಕ್ಕುವ ಮಕ್ಕಳನ್ನು ನೋಡಿ, "ಇವತ್ತೇನು ಪ್ರಯೋಗ ಅಂಕಲ್?" ಅಂತ ಹೆದರುತ್ತಲೇ ಕೇಳಿದರು.

ನಾನು ಕಾರಿನ ಕೀಲಿ ತಂದು ಅವಳ ಮುಂದೆ ಹಿಡಿದೆ. ಒಪ್ಪಂದ ಒಪ್ಪಂದವೇ ತಾನೆ, ಗ್ಯಾರೇಜು ಖಾಲಿ ಮಾಡುತ್ತೇನೆ ಅಂದೆ.

"ಹೊರಗೇ ಇರಲಿ ಬಿಡಿ. ಬಿಂಬ ನೋಡೋಕೆ ಬಿಳೀದು ಒಂದು ಬೇಕಲ್ಲ" ಅಂದಳು. "ಆದರೆ ಶನಿವಾರದಿಂದ ಕ್ಲಾಸಲ್ಲಿ ನಾನೂ ಇರ್ತೀನಿ. ನೀವು ಮಕ್ಕಳಿಗೆ ಕೈ ನೆಟ್ಟಗೆ ಇಟ್ಟುಕೊಳ್ಳೋದನ್ನೇ ಹೇಳಿಕೊಟ್ಟಿಲ್ಲ."

ಗೋಡೆಯನ್ನು ಮುಟ್ಟಲು ಅವಳು ಇವತ್ತಿಗೂ ಯಾವ ಪೇಂಟರನನ್ನೂ ಬಿಟ್ಟಿಲ್ಲ. ದಿನಾಂಕ ಹಾಕದ ರೀಡಿಂಗ್ ಕಸಕ್ಕೆ ಸಮಾನ ಅನ್ನುವುದು ಅವಳ ಲ್ಯಾಬಿನ ನಿಯಮ. ಹಾಗಾಗಿ ಕೊನೆಯ ಸೂರ್ಯನ ಕೆಳಗೆ ತನ್ನ ಸಹಿ ಹಾಕಿ, ಅವಳೇ ದುಂಡಗೆ ಬರೆದಿದ್ದಾಳೆ: ಸೋಮವಾರ, ೨೧ ಆಗಸ್ಟ್ ೨೦೧೭.