ಭಾವನ ಫಲಾನುಭವಿಗಳು

ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ನಿವೃತ್ತಿಯಾದ ಮೇಲೂ ಸರ್ಕಾರಕ್ಕೆ ಬಿಟ್ಟಿ ದುಡಿದ ಮನುಷ್ಯ ಎಂದರೆ ನಂಬುತ್ತೀರಾ? ನಂಬಬೇಡಿ. ದುಡಿದದ್ದು ನನ್ನ ವ್ಯಾನು!

ದೆಹಲಿಯ ಕೃಷಿ ಕಚೇರಿಯೊಂದರಲ್ಲಿ ಕೂತು ಮೂವತ್ತು ವರ್ಷ ಸಬ್ಸಿಡಿ ಪಡೆದ ರೈತರ ಪಟ್ಟಿ ಟೈಪು ಮಾಡಿದವರು ಅವರು. ಆದರೆ ಗೋಧಿ ಯಾವುದು, ಗರಿಕೆ ಯಾವುದು ಗೊತ್ತಿಲ್ಲ. ನಾನೋ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಗ್ರೀಸಿನಲ್ಲಿ ಮಿಂದೆದ್ದು, ಗಾಜಿಯಾಬಾದಿನಲ್ಲಿ ಸ್ವಂತ ಗ್ಯಾರೇಜು ಕಟ್ಟಿದವನು. ಭಾನುವಾರ ಒಂದಿಷ್ಟು ಕಾಲು ಚಾಚೋಣವೆಂದರೆ ಇಂದಿರಾಪುರಂನ ಏಳನೇ ಮಹಡಿಯಿಂದ ಭಾವನ ಫೋನು ಬರುತ್ತಿತ್ತು.

"ಬಾರಯ್ಯಾ, ಫಲಾನುಭವಿಗಳನ್ನ ನೋಡ್ಕೊಂಡು ಬರೋಣ."

ನೆಂಟರ ಮನೆಗೆ ಹೊರಟ ಹಾಗೆ!

ಒಂದು ಸಲ ಹೋದದ್ದು ಗಂಟೆ ದೂರದ ಹಳ್ಳಿಗೆ. ಪಂಚಾಯಿತಿ ಗೋಡೆಯ ಮೇಲೆ, ಔಷಧ ಹೊಡೆಯುವ ಪಂಪನ್ನು ಅರ್ಧ ಬೆಲೆಗೆ ಪಡೆದವರ ಪಟ್ಟಿ. ಭಾವ ಅದನ್ನು ಚೀಟಿಗೆ ಇಳಿಸಿಕೊಂಡು, ಮನೆಮನೆಗೆ ಹೋಗಿ ಪಂಪು ತೋರಿಸಿ ಎಂದರು. ಸಫಾರಿ ಸೂಟು, ಕಂಕುಳಲ್ಲಿ ಫೈಲು. ಜನ ತಪಾಸಣೆಯೆಂದೇ ತಿಳಿದು ಮಜ್ಜಿಗೆ ಕೊಟ್ಟರು, ಪಂಪೂ ತೋರಿಸಿದರು. ಎರಡನೇ ಮನೆಯಲ್ಲೂ ಇತ್ತು, ಮೂರನೆಯದರಲ್ಲೂ ಇತ್ತು. ಎಲ್ಲ ಕಡೆಯೂ ಅದೇ ಹಳದಿ ಡಬ್ಬಿ, ಹೊಟ್ಟೆಯ ಮೇಲೆ ಅದೇ ತಗ್ಗು! ನಾವು ಬೀದಿಯಲ್ಲಿ ನಡೆದರೆ ಪಂಪು ಹಿತ್ತಲ ಗೋಡೆ ಹಾರಿ ನಮಗಿಂತ ಮೊದಲೇ ತಲುಪುತ್ತಿತ್ತು. ಐದನೇ ಮನೆಯಲ್ಲಿ ಭಾವ ಪಂಪಿಗೇ ಕೈಮುಗಿದು, "ಓಡಾಡಿ ದಣಿದಿದ್ದೀರಿ, ಕೂತ್ಕೊಳ್ಳಿ" ಎಂದರು. ಮನೆಯವನು ಅಂದು ಎರಡನೇ ಲೋಟ ಮಜ್ಜಿಗೆ ಕೊಡಲಿಲ್ಲ.

ಪಟ್ಟಿಯ ಕೊನೆಯ ಹೆಸರು ಫೂಲ್‌ವತಿ. ಅಂಥವರು ಈ ಊರಲ್ಲೇ ಇಲ್ಲ, ಅವಳ ಪಂಪು ಪಂಚಾಯಿತಿ ಕೋಣೆಯಲ್ಲೇ ಇದೆ, ತಿಂಗಳ ಕೊನೆಗೆ ವಾಪಸು ಕಳಿಸುತ್ತೇವೆ ಎಂದ ಪ್ರಧಾನ, ಅಂದರೆ ಪಂಚಾಯಿತಿ ಅಧ್ಯಕ್ಷ. ಭಾವನ ಮುಖ ಸಣ್ಣದಾಯಿತು. ಟೈಪಾದ ಹೆಸರಿಗೆ ಮನುಷ್ಯನೇ ಇಲ್ಲವೆಂದರೆ ಅವರು ಒಪ್ಪುತ್ತಾರೆಯೇ? ಮೂರು ಭಾನುವಾರ ಹುಡುಕಿದೆವು. ಡೀಸೆಲ್ ಯಾರದು ಎಂದು ನಾನು ಹೇಳುವುದಿಲ್ಲ.

ಮೂರನೇ ಭಾನುವಾರ ಊರಾಚೆಯ ಹೊಲವೊಂದರಲ್ಲಿ ಒಬ್ಬ ವಿಧವೆ ಬೇವಿನ ಕಷಾಯವನ್ನು ಪೊರಕೆಯಿಂದ ಸಾಸಿವೆ ಗಿಡಗಳಿಗೆ ಚಿಮುಕಿಸುತ್ತಿದ್ದಳು. ಹೂಗೊಂಚಲಿಗೆಲ್ಲ ಸಸ್ಯಹೇನು ಮುತ್ತಿತ್ತು. ನೆರೆಯವರು ತಮ್ಮ ಕೆಲಸ ಮುಗಿಸಿ ಪಂಪು ಕೊಡುವಷ್ಟರಲ್ಲಿ ಪ್ರತಿ ವರ್ಷ ಅರ್ಧ ಬೆಳೆ ಹೋಗುತ್ತದಂತೆ. ಅವಳ ಅತ್ತೆ ಬದುವಿನ ಮೇಲೆ ಹುಕ್ಕಾ ಎಳೆಯುತ್ತಿದ್ದಳು. ಭಾವ ಸೊಸೆಯನ್ನೇ ಹೆಸರು ಕೇಳಿದರು.

"ದಾದ್ರಿವಾಲಿ."

ಆ ಕಡೆ ಸೊಸೆಯನ್ನು ತವರೂರಿನ ಹೆಸರಿನ ಮೇಲೆ ಕರೆಯುವುದೇ ರೂಢಿ.

"ಅದು ಊರಾಯ್ತಮ್ಮ. ದಾದ್ರಿಯಲ್ಲಿ ನಿನ್ನನ್ನ ಏನಂತ ಕರೀತಿದ್ರು?"

ಅವಳು ಸೆರಗು ಎಳೆದುಕೊಂಡಳು. ಪೊರಕೆ ಕೆಳಗಿಟ್ಟು, "ಫೂಲ್‌ವತಿ" ಎಂದಳು.

ಹುಕ್ಕಾ ನಿಂತಿತು. "ಹೌದೇನೇ?" ಎಂದಳು ಅತ್ತೆ. "ನೋಡಿ ಬಾಬೂಜಿ, ಇಪ್ಪತ್ತು ವರ್ಷದಿಂದ ನಮ್ಮನೇಲಿದ್ದಾಳೆ, ಹೇಳೇ ಇಲ್ಲ."

ಕೇಳಿದವರು ಯಾರು? ಪಂಪಿಗಾಗಿ ತಾನು ಹೆಬ್ಬೆಟ್ಟು ಒತ್ತಿದ ಅರ್ಜಿ ಏನಾಯಿತೆಂದು ಅವಳಿಗೂ ಯಾರೂ ಹೇಳಿರಲಿಲ್ಲ.

ಅಂದೇ ಪಂಚಾಯಿತಿಗೆ ಕರೆದೊಯ್ದೆವು. ಪ್ರಧಾನ ಕೋಣೆಯಿಂದ ಪಂಪು ತರಿಸಿ, "ಅಚ್ಛಾ, ದಾದ್ರಿವಾಲಿ, ತಗೋ" ಎಂದ. ಭಾವ ಅಡ್ಡ ನಿಂತರು.

"ಪಟ್ಟಿಯಲ್ಲಿರೋ ಹೆಸರು ಕರೀರಿ."

ಅವನು ಗಂಟಲು ಸರಿಮಾಡಿಕೊಂಡು ಕರೆದ. ಅವಳು ಮುಂದೆ ಬಂದು ಬೆನ್ನಿಗೆ ಪಂಪು ಏರಿಸಿಕೊಂಡು, ಯಾರನ್ನೂ ಕಾಯದೆ ಸೀದಾ ಹೊಲದ ಕಡೆ ನಡೆದಳು. ಭಾವ ಚೀಟಿಯಲ್ಲಿ ಕೊನೆಯ ಹೆಸರಿಗೆ ಗೀಟು ಹಾಕಲು ಪೆನ್ನು ತೆಗೆದರು. ಗೀಟು ಮೂರನೇ ಸಲಕ್ಕೆ ಸರಿಯಾಗಿ ಬಿತ್ತು.

ಮನೆಗೆ ಬಂದು ಚಪ್ಪಲಿ ಬಿಟ್ಟೆ. ಮದುವೆಯಾಗಿ ಹದಿನೆಂಟು ವರ್ಷ, "ಏ, ಕೇಳಿಸ್ತಾ?" ಎಂದೇ ಕರೆದವನು ನಾನು.

"ಸುಮಿತ್ರಾ" ಎಂದೆ.

ಸೌಟು ಹಿಡಿದೇ ಓಡಿಬಂದಳು. "ಯಾಕ್ರೀ, ಏನಾಯ್ತು?"

"ಏನಿಲ್ಲ, ಸುಮ್ನೆ ಕರೆದೆ."

ನನ್ನ ಹಣೆ ಮುಟ್ಟಿ ನೋಡಿ ಒಳಗೆ ಹೋದಳು. ಆಮೇಲೆ ಅಡಿಗೆಮನೆಯಿಂದ ಮೆಲ್ಲಗೆ ಕೇಳಿಸಿತು: "ಇನ್ನೊಂದ್ಸಲ ಕರೀರಿ."