ಗಾಜು ಏರಿಸಿದ ರಂಗಮಂದಿರ

ಮನುಷ್ಯನ ಮರ್ಯಾದೆಯ ದಪ್ಪ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ನಾಲ್ಕು ಇಂಚು ಎಂದುಬಿಡುತ್ತೇನೆ. ಮಸ್ಕತ್ತಿನ ಹಮ್ರಿಯಾದಲ್ಲಿ ನಾವಿರುವ ಕಟ್ಟಡದ ಗೋಡೆಗಳ ದಪ್ಪ ಅಷ್ಟೇ. ಈಚೆ ನಾನು ಸೀನಿದರೆ ಆಚೆ ಮನೆಯ ಮಲಯಾಳಿ ಅಜ್ಜಿ ದೇವರ ಹೆಸರು ಹೇಳುತ್ತಾರೆ. ನಮ್ಮ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದು ಕೆಳಗಿನ ಮನೆಯ ಶೆಟ್ಟರಿಗೆ ನಮಗಿಂತ ಚೆನ್ನಾಗಿ ಗೊತ್ತು. ಫೋನಿನಲ್ಲಿ ಮಾತಾಡುತ್ತ ಲೆಕ್ಕ ತಪ್ಪಿದಾಗ ನನ್ನ ಹೆಂಡತಿ ರೇಣುಕಾ ಬಾಲ್ಕನಿಯಿಂದ ಬಗ್ಗಿ ಅವರನ್ನೇ ಕೇಳಿದ್ದೂ ಉಂಟು. ಹೀಗಾಗಿ ನಾವು ಜಗಳವನ್ನು ಕೂಡ ಪಿಸುಮಾತಿನಲ್ಲೇ ಆಡಿ ಮುಗಿಸುವುದನ್ನು ರೂಢಿ ಮಾಡಿಕೊಂಡಿದ್ದೆವು. ಪಿಸುಮಾತಿನಲ್ಲಿ ಬೈಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಸರಿಯಾಗಿ ಕೇಳಿಸಲಿಲ್ಲವೆಂದು ನಾವೇ ಎರಡನೇ ಸಲ ಹೇಳಿಸಿಕೊಳ್ಳಬೇಕಾಗುತ್ತದೆ. ಇಂಥ ಮನೆಯಲ್ಲಿ ಹುಟ್ಟಿ ಬೆಳೆದ ನಮ್ಮ ಒಬ್ಬಳೇ ಮಗಳು ಇಂಚರ, ಹತ್ತನೇ ತರಗತಿ ಮುಗಿಸಿದ ಕೂಡಲೇ ತಾನು ನಟಿಯಾಗಬೇಕು ಎಂದಳು.

ಬರೀ ಅಂದಿದ್ದರೆ ಅದು ತಾನಾಗಿಯೇ ಆರಿಹೋಗುತ್ತದೆಂದು ಸುಮ್ಮನಿರಬಹುದಿತ್ತು. ಅವಳು ಎಲ್ಲವನ್ನೂ ವಿಚಾರಿಸಿಕೊಂಡೇ ಬಂದಿದ್ದಳು. ಮಸ್ಕತ್ತಿನಲ್ಲೇ ಇದ್ದ ಒಂದು ಬ್ರಿಟಿಷ್ ಪಠ್ಯಕ್ರಮದ ಕಾಲೇಜಿನಲ್ಲಿ ಸಿಕ್ಸ್ತ್ ಫಾರ್ಮ್ ಎಂಬ ಎರಡು ವರ್ಷದ ಓದಿದೆ, ನಮ್ಮ ಪಿಯುಸಿ ಇದ್ದ ಹಾಗೆ. ಅಲ್ಲಿ ನಾಟಕ, ಸಂಗೀತ, ನೃತ್ಯವನ್ನು ಗಣಿತ ವಿಜ್ಞಾನಗಳಷ್ಟೇ ಗಂಭೀರವಾಗಿ ಕಲಿಸುತ್ತಾರೆ. ಆಡಿಷನ್ನಿನಲ್ಲಿ ಚೆನ್ನಾಗಿ ಅಭಿನಯಿಸಿದ ಒಬ್ಬರಿಗೆ ಶುಲ್ಕವಿಲ್ಲ. ಈ ಕೊನೆಯ ಮಾತು ಕೇಳಿದ ಮೇಲೆ ನನ್ನ ಮುಖ ಸ್ವಲ್ಪ ಸಡಿಲವಾಯಿತು ಎಂದು ರೇಣುಕಾ ಈಗಲೂ ಹೇಳುತ್ತಾಳೆ. ಮೈಸೂರಿನಲ್ಲಿದ್ದ ನನ್ನಮ್ಮನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಅವರು, "ಹತ್ತನೇ ಕ್ಲಾಸು ಪಾಸಾದ ಹುಡುಗೀನ ಮತ್ತೆ ಆರನೇ ಕ್ಲಾಸಿಗೆ ಯಾಕೋ ಕೂರಿಸ್ತಾರೆ? ಅಷ್ಟೊಂದು ಕಮ್ಮಿ ಬಂತಾ ಮಾರ್ಕ್ಸು?" ಎಂದರು. ನಾನು ಬಿಡಿಸಿ ಹೇಳಿದೆ. ಅವರು ಪಕ್ಕದ ಮನೆಯವರಿಗೆ ಮೊಮ್ಮಗಳು ಲಂಡನ್ನಿಗೆ ಹೋಗುತ್ತಾಳೆಂದು ಹೇಳಿಕೊಂಡರಂತೆ.

ಎಣ್ಣೆಯ ಬೆಲೆ ಬಿದ್ದು ಮೇಲೇಳದೆ ಮಲಗಿದ್ದ ಕಾಲ ಅದು. ರೂವಿಯಲ್ಲಿದ್ದ ನಮ್ಮ ಆಫೀಸು ಎಣ್ಣೆಬಾವಿಗಳಿಗೆ ಪೈಪು, ವಾಲ್ವು ಸರಬರಾಜು ಮಾಡುತ್ತಿತ್ತು, ಈಗಲೂ ಮಾಡುತ್ತದೆ. ಬೆಲೆ ಇಳಿದದ್ದು ನಮಗೆ ಮೊದಲು ಗೊತ್ತಾದದ್ದು ಪೇಪರಿನಿಂದಲ್ಲ, ಚಹಾದ ಜೊತೆ ಬರುತ್ತಿದ್ದ ಬಿಸ್ಕತ್ತಿನಿಂದ. ಮೊದಲು ಬಿಸ್ಕತ್ತು ಹೋಯಿತು, ಆಮೇಲೆ ಚಹಾ ಹೋಯಿತು, ಆಮೇಲೆ ಚಹಾ ಕುಡಿಯುತ್ತಿದ್ದವರು ಒಬ್ಬೊಬ್ಬರಾಗಿ ಹೋಗತೊಡಗಿದರು. ಇಲ್ಲಿ ಶುಕ್ರವಾರ, ಶನಿವಾರ ರಜೆ; ವಾರದ ಕೊನೆಯ ಕೆಲಸದ ದಿನ ಗುರುವಾರ. ಕೆಲಸದಿಂದ ತೆಗೆದ ಕಾಗದ ಕೈಗೆ ಬರುತ್ತಿದ್ದದ್ದು ಅಂದೇ. ಗುರುವಾರ ಸಂಜೆ ಯಾರಾದರೂ ಕೈಯಲ್ಲಿ ರಟ್ಟಿನ ಡಬ್ಬ ಹಿಡಿದು ಮನೆಗೆ ಬಂದರೆ ಕಟ್ಟಡಕ್ಕೆ ಕಟ್ಟಡವೇ ಖಲಾಸ್ ಎಂದು ಮಾತಾಡಿಕೊಳ್ಳುತ್ತಿತ್ತು. ಒಮ್ಮೆ ನಾನು ಅಂಥದೇ ಡಬ್ಬದಲ್ಲಿ ಮಾವಿನಹಣ್ಣು ತಂದು, ಪ್ರತಿ ಮಹಡಿಯಲ್ಲೂ ಮುಚ್ಚಳ ತೆಗೆದು ತೋರಿಸುತ್ತ ಮೇಲೆ ಹತ್ತಿದ್ದೇನೆ.

ಕೆಲಸ ಹೋದರೆ ವೀಸಾ ಹೋಯಿತು. ಹೆಂಡತಿ ಮಕ್ಕಳು ಇರುವುದೂ ನಮ್ಮ ವೀಸಾದ ಮೇಲೆಯೇ ಆದ್ದರಿಂದ ಇಡೀ ಸಂಸಾರ ಗಂಟುಮೂಟೆ ಕಟ್ಟಬೇಕು. ಆಗ ಮನೆಯ ಸಾಮಾನುಗಳನ್ನು ಸಿಕ್ಕಷ್ಟಕ್ಕೆ ಕೊಟ್ಟು ಹೋಗುವುದು, ಅಕ್ಕಪಕ್ಕದವರು ಕೊಳ್ಳುವುದು ಇಲ್ಲಿಯ ಪದ್ಧತಿ. ಅದರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ. ನಮ್ಮ ಸೋಫಾವೂ ಹಾಗೆ ಬಂದದ್ದೇ; ಅದರ ಮೇಲೆ ಕೂತಾಗಲೆಲ್ಲ ನಾಗಪುರಕ್ಕೆ ವಾಪಸು ಹೋದ ಒಬ್ಬ ಸಜ್ಜನರ ನೆನಪಾಗುತ್ತದೆ.

ಇಂಥ ಹೊತ್ತಿನಲ್ಲಿ ಇಂಚರ ಆಡಿಷನ್ನಿಗೆ ತಾನೇ ಒಂದು ಏಕಪಾತ್ರಾಭಿನಯ ಬರೆದಳು. ದೀಪಸ್ತಂಭ ಕಾಯುವವನೊಬ್ಬನಿದ್ದಾನೆ. ಆ ದಾರಿಯಲ್ಲಿ ಹಡಗುಗಳು ಬರುವುದು ನಿಂತು ದೀಪಸ್ತಂಭವನ್ನು ಮುಚ್ಚುತ್ತಾರೆ. ಅವನ ಮಗಳು ಬಂಡೆಯ ಮೇಲೆ ನಿಂತು, ದೂರದಲ್ಲಿ ಹೋಗುತ್ತಿರುವ ಕೊನೆಯ ಹಡಗನ್ನು ಎರಡೂ ಕೈ ಎತ್ತಿ ಕೂಗಿ ಕರೆಯುತ್ತಾಳೆ. ಹದಿನಾರರ ಹುಡುಗಿ ಬರೆದದ್ದು ಎಂದು ಹೇಳಿದರೆ ನಂಬಲಾಗದಷ್ಟು ಚೆನ್ನಾಗಿತ್ತು. ತೊಂದರೆ ಏನೆಂದರೆ ಅದರ ಜೀವವೇ ಆ ಕೂಗಿನಲ್ಲಿತ್ತು. ನಮ್ಮ ನಡುಮನೆಯಲ್ಲಿ ನಿಂತು ಅವಳು ಇಂಗ್ಲಿಷಿನಲ್ಲಿ, "ಎಲ್ಲ ಮುಗಿಯಿತಲ್ಲ ಅಪ್ಪ! ನಾವಿನ್ನು ಎಲ್ಲಿಗೆ ಹೋಗೋಣ?" ಎಂದು ಕೂಗಿ ಅತ್ತಾಗ, ನಾಟಕವೆಂದು ಗೊತ್ತಿದ್ದ ನಾನೇ ನಂಬಿಬಿಟ್ಟೆ. ನಾಲ್ಕು ಇಂಚಿನ ಆಚೆ ಇದ್ದವರ ಗತಿ ಕೇಳಬೇಕೆ?

ಮರುದಿನ ಶೆಟ್ಟರು ಬಂದರು. ಕಾರ್ಕಳದ ಕಡೆಯವರು, ಬಂದರಿನ ಒಂದು ಕಂಪನಿಯಲ್ಲಿ ಸೂಪರ್‌ವೈಸರ್, ತುಂಬ ಒಳ್ಳೆಯ ಮನುಷ್ಯ. ನೀರು ಬೇಕೆಂದರು. ತಂದುಕೊಡುವಷ್ಟರಲ್ಲಿ ತಾವೇ ಎದ್ದು ಬಂದು ಫ್ರಿಜ್ಜಿನ ಬಾಗಿಲು ತೆರೆದು ಒಳಗೆಲ್ಲ ನೋಡಿದರು.

"ಎಷ್ಟು ಲೀಟರಿನದ್ದು ಮಾರಾಯ್ರೆ ಇದು? ಸುಮ್ಮನೆ ಕೇಳಿದ್ದು. ನಮ್ಮದು ಬರೀ ಐಸ್ ಹಿಡೀತದೆ."

"ಶೆಟ್ರೇ, ನನ್ನ ಕೆಲಸ ಇದೆ. ನಾನು ಎಲ್ಲೂ ಹೋಗ್ತಿಲ್ಲ. ಮಗಳು ನಾಟಕದ ಅಭ್ಯಾಸ ಮಾಡ್ತಿದ್ದಾಳೆ ಅಷ್ಟೇ."

ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಹೌದೌದು, ಹಾಗೇ ಹೇಳ್ಬೇಕು. ಧೈರ್ಯ ಬಿಡ್ಲಿಕ್ಕಿಲ್ಲ," ಎಂದು ಕಣ್ಣು ತುಂಬಿಕೊಂಡು ಹೋದರು. ಆ ದಿನಗಳಲ್ಲಿ ಕೆಲಸ ಇದೆ ಎಂದು ಬಾಯಿಬಿಟ್ಟು ಹೇಳುವವನಿಗೆ ಕೆಲಸ ಹೋಗಿದೆ ಎಂದೇ ಎಲ್ಲರೂ ತಿಳಿಯುತ್ತಿದ್ದರು. ಆಮೇಲೆ ಮೂರನೇ ಮಹಡಿಯವರು ವಾಷಿಂಗ್ ಮೆಷಿನ್ ಸದ್ದು ಮಾಡುತ್ತದೆಯೇ ಎಂದು ವಿಚಾರಿಸಿದರು. ಇನ್ನೊಬ್ಬಾಕೆ ಕುಂಕುಮಕ್ಕೆಂದು ಬಂದು ಹೋದ ಮೇಲೆ ರೇಣುಕಾ ತನ್ನ ಧಾರವಾಡದ ಸಿಟ್ಟನ್ನೆಲ್ಲ ಪಿಸುಮಾತಿಗೆ ಇಳಿಸಿ, "ಏನ್ರೀ, ಆಕಿ ನಮ್ಮ ಕಿಡಕಿ ಪರದೆ ಗೇಣು ಹಾಕಿ ಅಳೀಲಿಕ್ಕತ್ತಿದ್ಲು! ನಾ ಎದುರಿಗೇ ನಿಂತೇನಿ!" ಎಂದಳು.

ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಆ ವಾರವೇ ನಮ್ಮ ಆಫೀಸಿನ ಎಚ್‌ಆರ್‌ನವರು ಲಿಫ್ಟಿನಲ್ಲಿ ಸಿಕ್ಕಿ, "ನೀವು ಊರಿಗೆ ಹೊರಟಿದ್ದೀರಂತೆ?" ಎಂದು ಕೇಳಿದರು. ಕೇಳಿದ್ದಲ್ಲ, ಆಸೆಪಟ್ಟದ್ದು. ತಾನಾಗಿಯೇ ಹೊರಡುವವನು ಸಿಕ್ಕಿದರೆ ಅವರಿಗೆ ಒಂದು ಕಾಗದ ಉಳಿಯುತ್ತಿತ್ತು. ಲಿಫ್ಟು ಕೆಳಗಿಳಿಯುವ ಮೊದಲೇ ನಾನು ಒಳಗೊಳಗೇ ಇಳಿದುಹೋಗಿದ್ದೆ. ಕೆಲಸ ಹೋದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಕಾಲೇಜೂ ಇಲ್ಲ. ಹಾಗಾಗಿ ಮಗಳ ಒಳ್ಳೆಯದಕ್ಕೇ ಮಗಳ ಬಾಯಿ ಮುಚ್ಚಿಸಬೇಕು ಎಂಬ ತೀರ್ಮಾನಕ್ಕೆ ನಾನು ಅದೇ ಲಿಫ್ಟಿನಲ್ಲಿ ಬಂದೆ. ಅಪ್ಪಂದಿರ ತರ್ಕ ಯಾವಾಗಲೂ ಹೀಗೆ ಗಟ್ಟಿಮುಟ್ಟಾಗಿಯೇ ಇರುತ್ತದೆ.

ಮೊದಲು ಅವಳನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದೆ. ಹಡಗನ್ನು ಕರೆಯಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಅವಳು ನೀರಿನ ಅಂಚಿನಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಹೊಟ್ಟೆಯಾಳದಿಂದ ಕೂಗಿದಳು. ನನಗೆ ರೋಮಾಂಚನವಾಯಿತು. ಅಲ್ಲೇ ಬಲೆ ಬಿಡಿಸುತ್ತ ಕೂತಿದ್ದ ಇಬ್ಬರು ಒಮಾನಿ ಮೀನುಗಾರರಿಗೂ ಆಯಿತು. ಯಾರೋ ಮುಳುಗುತ್ತಿದ್ದಾರೆಂದು ತಿಳಿದು ಒಬ್ಬ ಚಪ್ಪಲಿ ಬಿಸಾಡಿ ನೀರಿಗೆ ಹಾರಿದ, ಇನ್ನೊಬ್ಬ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತ ದೋಣಿಯ ಎಂಜಿನ್ ಚಾಲೂ ಮಾಡಿದ. ಯಾರೂ ಮುಳುಗಿಲ್ಲ ಎಂದು ನನ್ನ ಅರೆಬರೆ ಅರಬಿಯಲ್ಲಿ ತಿಳಿಸುವ ಹೊತ್ತಿಗೆ ಜನ ಸೇರಿದ್ದರು. ನೀರಿನಿಂದ ಮೇಲೆ ಬಂದಾತ ಒದ್ದೆ ಬಟ್ಟೆಯಲ್ಲೇ ನಕ್ಕು, ಖರ್ಜೂರ ಕೊಟ್ಟು ಕಳಿಸಿದ. ಇಂಚರಳಿಗೆ ಖುಷಿಯೋ ಖುಷಿ. "ಅಪ್ಪಾ, ಹೀ ಬಿಲೀವ್ಡ್ ಮೀ! ಅವ್ರು ನಿಜ ಅಂದ್ಕೊಂಡ್ರು!" ಎಂದು ದಾರಿಯುದ್ದಕ್ಕೂ ಹೇಳಿದಳು. ನನಗೆ ಮಾತ್ರ ಜನ ಸೇರಿದ್ದಷ್ಟೇ ಕಣ್ಣ ಮುಂದಿತ್ತು. ಅವರಲ್ಲಿ ಎಚ್‌ಆರ್‌ನವರು ಇದ್ದರೋ ಏನೋ ಎಂದು ಎರಡು ದಿನ ಊಟ ಸೇರಲಿಲ್ಲ.

ಆಗ ಹೊಳೆದದ್ದು ಕಾರು. ಗಾಜು ಏರಿಸಿ ಎಸಿ ಹಾಕಿಬಿಟ್ಟರೆ ಒಳಗೆ ಬೊಬ್ಬೆ ಹೊಡೆದರೂ ಹೊರಗೆ ಸೊಳ್ಳೆಗೂ ಕೇಳಿಸದು. ನನ್ನ ಬುದ್ಧಿಗೆ ನಾನೇ ಬೆರಗಾದೆ. ಮಗಳಿಗೆ, "ಇದು ಸ್ಟುಡಿಯೋ ಇದ್ದ ಹಾಗೆ ಪುಟ್ಟ. ದೊಡ್ಡ ದೊಡ್ಡವರಿಗೂ ಇಂಥ ಅನುಕೂಲ ಇರೋದಿಲ್ಲ," ಎಂದು ಚೆನ್ನಾಗಿಯೇ ಉಪ್ಪುಖಾರ ಹಚ್ಚಿ ಹೇಳಿದೆ. ಅಲ್ಲಿಂದ ಮುಂದೆ ದಿನಾ ಸಂಜೆ ರೂವಿಯ ಹಿಂದೆ ಒಂದು ಖಾಲಿ ಮೈದಾನದ ಮೂಲೆಯಲ್ಲಿ ಕಾರು ನಿಲ್ಲಿಸಿಕೊಂಡು ನಮ್ಮ ತಾಲೀಮು. ಎಂಜಿನ್ ಓಡುತ್ತಿರುವಾಗ ಬೆಲ್ಟ್ ಬಿಚ್ಚಬಾರದು ಎಂಬುದು ನನ್ನ ನಿಯಮ. ಪೊಲೀಸರು ಬಂದರೆ ಯಾರು ಉತ್ತರ ಕೊಡುವವರು? ಹೀಗಾಗಿ ದೀಪಸ್ತಂಭದ ಹುಡುಗಿ ಬೆಲ್ಟ್ ಕಟ್ಟಿಕೊಂಡು ಬಂಡೆಯ ಮೇಲೆ ನಿಂತಿರುತ್ತಿದ್ದಳು, ಅಂದರೆ ಕೂತಿರುತ್ತಿದ್ದಳು. ಸಮುದ್ರ ಎಂದರೆ ಎದುರಿನ ಗಾಜು. ಕೈ ಎತ್ತಿದರೆ ಮೇಲೆ ತಗಡು ತಾಗುತ್ತಿತ್ತು, ಅಗಲಿಸಿದರೆ ಗೇರಿಗೆ ಬಡಿಯುತ್ತಿತ್ತು. ಬರಬರುತ್ತ ಅವಳ ಕೈಗಳು ಮಡಿಲಿಗೆ ಇಳಿದವು. ಕೂಗಿದರೆ ಅವಳ ಕಿವಿಗೇ ಹೊಡೆಯುತ್ತಿದ್ದರಿಂದ ದನಿಯೂ ಕಾರಿನ ಅಳತೆಗೆ ಬಂದು ಕೂತಿತು. ನಾನು ಭೇಷ್ ಎಂದೆ. ಎಷ್ಟು ಸೂಕ್ಷ್ಮವಾಗುತ್ತಿದೆ ಅಭಿನಯ ಎಂದೂ ಅಂದೆ. ನಾಟಕದ ಬಗ್ಗೆ ನನಗೆ ಗೊತ್ತಿದ್ದದ್ದು, ಶಾಲೆಯಲ್ಲಿ ದ್ವಾರಪಾಲಕನಾಗಿ ಈಟಿ ಹಿಡಿದು ನಿಂತಿದ್ದಷ್ಟೇ. ಅದರಲ್ಲಿ ಮಾತಿರಲಿಲ್ಲ.

ಆ ಸಂಜೆಗಳು ಮಾತ್ರ ಎಷ್ಟು ಚೆನ್ನಾಗಿದ್ದವು! ಕೊನೆಯ ಹಡಗಿನ ಪಾತ್ರ ನನ್ನದು. ಅವಳ ಮಾತು ಮುಗಿದ ಕೂಡಲೇ ನಾನು ಬಾಯಲ್ಲಿ ಭೋಂ ಎನ್ನಬೇಕು. ಒಮ್ಮೆ ಆವೇಶ ಬಂದು ನಿಜವಾದ ಹಾರನ್ನನ್ನೇ ಒತ್ತಿಬಿಟ್ಟೆ. ಪಕ್ಕದ ಗೋದಾಮಿನ ಪಠಾಣ ಕಾವಲುಗಾರ ಲಾಠಿ ಹಿಡಿದು ಓಡಿಬಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಫೀಸು, ಗುರುವಾರ, ಬಿಸ್ಕತ್ತು ಎಲ್ಲವನ್ನೂ ನಾನು ಆ ಕಾರಿನೊಳಗೆ ಮರೆಯುತ್ತಿದ್ದೆ. ಮಗಳ ಪಕ್ಕದಲ್ಲಿ ಅಷ್ಟು ಹೊತ್ತು ನಾನು ಅದಕ್ಕೆ ಮೊದಲೂ ಕೂತಿರಲಿಲ್ಲ, ಆಮೇಲೂ ಕೂತಿಲ್ಲ.

ಆಡಿಷನ್ನಿನ ದಿನ ಬಂತು. ಹೆತ್ತವರು ಹಿಂದಿನ ಸಾಲಿನಲ್ಲಿ ಕೂರಬಹುದು ಎಂದರು. ನಮ್ಮ ಇಡೀ ಕಟ್ಟಡವನ್ನು ಒಳಗೆ ಹಾಕಿ ಬಾಗಿಲು ಮುಚ್ಚಬಹುದಾದಷ್ಟು ದೊಡ್ಡ ಸಭಾಂಗಣ. ಇಂಚರ ವೇದಿಕೆಗೆ ಬಂದಳು, ಸುತ್ತ ನೋಡಿದಳು, ಒಂದು ಕುರ್ಚಿ ಕೇಳಿದಳು. ಕುರ್ಚಿ ಬಂತು. ಅದರ ಮೇಲೆ ನೆಟ್ಟಗೆ ಕೂತು, ಬೆನ್ನು ಹಿಂದಕ್ಕೆ ಒರಗಿಸಿ, ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು ಶುರುಮಾಡಿದಳು. ಬೆಲ್ಟ್ ಒಂದು ಇರಲಿಲ್ಲ, ಅಷ್ಟೇ. ಅವಳ ತುಟಿ ಅಲ್ಲಾಡುತ್ತಿತ್ತು, ಕಣ್ಣಲ್ಲಿ ನೀರು ಬಂದದ್ದೂ ಹೊಳೆಯಿತು. ಪ್ರತಿ ಅಕ್ಷರವೂ ನನಗೆ ಬಾಯಿಪಾಠವಾಗಿದ್ದರಿಂದ ಅವಳು ಏನು ಹೇಳುತ್ತಿದ್ದಾಳೆಂದು ಗೊತ್ತಾಗುತ್ತಿತ್ತು, ಕೇಳಿಸುತ್ತಿರಲಿಲ್ಲ. ಎದ್ದು ನಿಂತು, ಕೂಗು ಪುಟ್ಟ, ಜೋರಾಗಿ ಕೂಗು ಎಂದು ಕಿರುಚಬೇಕೆನಿಸಿತು. ಬಾಯಿಂದ ಬಂದದ್ದು ನಮ್ಮ ಮನೆಯ ಪಿಸುಮಾತು.

ಪರೀಕ್ಷಕಿ ನರೆಗೂದಲಿನ ಇಂಗ್ಲಿಷ್ ಹೆಂಗಸು. ಆಮೇಲೆ ಹೊರಗೆ ಬಂದು ತುಂಬ ಮೆತ್ತಗೆ ಹೇಳಿದರು: ಹುಡುಗಿ ಬರೆದದ್ದು ಬಹಳ ಚೆನ್ನಾಗಿದೆ, ಭಾವವೂ ನಿಜವಾದದ್ದೇ, ಆದರೆ ಮೂರನೇ ಸಾಲಿನಲ್ಲಿದ್ದ ತನಗೇ ಕೇಳಿಸಲಿಲ್ಲ, ಆ ಹಡಗಿಗೆ ಹೇಗೆ ಕೇಳಿಸೀತು? ಎಲ್ಲಿ ಅಭ್ಯಾಸ ಮಾಡಿದಿರಿ ಎಂದೂ ಕೇಳಿದರು. ಮನೆಯಲ್ಲಿ ಎಂದು ನಾನು ಸುಳ್ಳು ಹೇಳಿದೆ. ಶುಲ್ಕವಿಲ್ಲದ ಜಾಗ ಬೇರೆಯವರಿಗೆ ಹೋಯಿತು. ಶುಲ್ಕ ಕಟ್ಟಿ ಕಳಿಸುವ ಕಾಲವಂತೂ ಅದಲ್ಲ.

ವಾಪಸು ಬರುವಾಗ ಇಂಚರ ತಾನಾಗಿಯೇ ಬೆಲ್ಟ್ ಕಟ್ಟಿಕೊಂಡಳು. ನಾನು ಗಾಜು ಇಳಿಸಿದೆ. ಬಿಸಿಗಾಳಿ ನುಗ್ಗಿತು. ಸ್ವಲ್ಪ ದೂರ ಬಂದ ಮೇಲೆ ಅವಳೇ, "ಎದುರಿಗೆ ಗ್ಲಾಸ್ ಇರ್ಲಿಲ್ಲ ಅಪ್ಪ. ಇಟ್ ವಾಸ್ ಸೋ ಎಂಪ್ಟಿ. ನಂಗೆ ಭಯ ಆಯ್ತು," ಎಂದಳು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅವಳು ಹಳೆಯ ಶಾಲೆಯಲ್ಲೇ ಕಾಮರ್ಸ್ ಸೇರಿದಳು, ಚೆನ್ನಾಗಿ ಓದಿದಳು, ಈಗ ಕೊಚ್ಚಿಯಲ್ಲಿ ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದಾಳೆ. ಫೋನಿನಲ್ಲಿ ಅವಳ ಮಾತು ಮೆತ್ತಗೆ ಕೇಳುತ್ತದೆ. ವಾಲ್ಯೂಮ್ ಹೆಚ್ಚಿಸಿಕೊಳ್ಳುವುದು ನನ್ನ ಕೆಲಸ. ಎಣ್ಣೆಯ ಬೆಲೆ ಮತ್ತೆ ಏರಿತು, ಚಹಾ ಬಂತು, ಬಿಸ್ಕತ್ತೂ ಬಂತು. ನನಗೆ ಕಾಗದ ಬರಲೇ ಇಲ್ಲ. ನಾನು ಹೊರಟಿದ್ದೇನೆಂದು ಆಸೆಪಟ್ಟಿದ್ದ ಎಚ್‌ಆರ್‌ನವರೇ ಒಂದು ಗುರುವಾರ ರಟ್ಟಿನ ಡಬ್ಬ ಹಿಡಿದು ಹೋದರು. ಅಷ್ಟು ಜೋಪಾನ ಮಾಡಿ ಉಳಿಸಿಕೊಂಡ ಕೆಲಸ ಅವಳು ಎಷ್ಟು ಕೂಗಿದ್ದರೂ ಉಳಿಯುತ್ತಿತ್ತು ಎಂದು ನೆನೆದರೆ ಬಿಸ್ಕತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಮೊನ್ನೆ ಆ ಕಾರನ್ನು ಮಾರಲು ಹೊರಟೆ. ಕೊಳ್ಳಲು ಬಂದವರು ಶೆಟ್ಟರೇ. ಅವರಿಗೆ ದುಕ್ಮ್ ಬಂದರಿಗೆ ವರ್ಗವಾಗಿದೆ. ಮರಳುಗಾಡಿನಲ್ಲಿ ಹಗಲೆಲ್ಲ ಗಾಳಿ ಭೋರೆನ್ನುವ ಜಾಗ, ಭದ್ರವಾದ ಗಾಡಿ ಬೇಕು. ಅವರು ಇಂಚರ ಕೂರುತ್ತಿದ್ದ ಸೀಟಿನಲ್ಲಿ ಕೂತು, ಬಾಗಿಲು ಹಾಕಿ, ಗಾಜು ಏರಿಸಿಕೊಂಡು ನನ್ನನ್ನೂ ಒಳಗೆ ಕರೆದರು. ನಾನು ನನ್ನ ಜಾಗದಲ್ಲಿ ಕೂತೆ. ಶೆಟ್ಟರು ಕಿವಿಗೊಟ್ಟು ಕೇಳಿ ತಲೆದೂಗಿದರು.

"ಎಂತ ಬಂದೋಬಸ್ತು ಮಾರಾಯ್ರೆ! ಹೊರಗಿನದ್ದು ಒಳಗೆ ಬರೂದಿಲ್ಲ, ಒಳಗಿನದ್ದು ಹೊರಗೆ ಹೋಗೂದಿಲ್ಲ. ಇಂಥ ಗಾಡಿ ಈಗ ಎಲ್ಲಿ ಸಿಗ್ತದೆ?"

ಕೊಳ್ಳುವವನು ಹೀಗೆ ಹೊಗಳಿದರೆ ಮಾರುವವನು ಬೆಲೆ ಏರಿಸಬೇಕು. ನಾನು ಆ ಕ್ಷಣವೇ, ಅವರು ಕೇಳದೆಯೇ, ಬೆಲೆ ಇಳಿಸಿಬಿಟ್ಟೆ. ಶೆಟ್ಟರು ಗಾಬರಿಯಾಗಿ ನನ್ನ ಮುಖ ನೋಡಿ, ದನಿ ತಗ್ಗಿಸಿ ಕೇಳಿದರು: "ನಿಜ ಹೇಳಿ, ಕೆಲಸ ಹೋಯ್ತಾ?"